ದೇವಿಕಾಳ ಮೈಮೇಲೆ ದೇವರು ಬರಲಿಲ್ಲ

ಬೀರೇದೇವರ ಗುಡಿಯ ಮುಂದೆ ಕೂತು ದೇವಿಕಾ ಏನು ಹೇಳಿದಳು ಎಂಬುದರಲ್ಲಿ ಹಟ್ಟಿಯವರಿಗೆ ತಕರಾರಿಲ್ಲ. ಎಲ್ಲರೂ ಕಿವಿಯಾರೆ ಕೇಳಿದ್ದಾರೆ. ಹಾಗೆ ಹೇಳಬಹುದಿತ್ತೇ ಎಂಬುದರ ಬಗ್ಗೆ ಮಾತ್ರ ಇವತ್ತಿಗೂ ಕಟ್ಟೆಯ ಮೇಲೆ ಜಗಳ ನಡೆಯುತ್ತದೆ.

ಹೊಸದುರ್ಗದಿಂದ ಹಾಲುರಾಮೇಶ್ವರದ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದರೆ ಈ ಕುರುಬರ ಹಟ್ಟಿ ಸಿಗುತ್ತದೆ. ದೇವಿಕಾ ಇಲ್ಲಿಯ ಸೊಸೆ. ತವರು ಹಿರಿಯೂರಿನ ಕಡೆ. ಅಪ್ಪ ಕಂಬಳಿ ನೇಯುತ್ತಿದ್ದ. ಗಂಡ ರವೀಂದ್ರನಿಗೆ ಒಂದು ಮಂದೆ ಕುರಿ ಇವೆ, ಗುಡಿಯಲ್ಲಿ ಡೊಳ್ಳು ಹೊಡೆಯುವ ಹಕ್ಕೂ ಅವನದೇ. ದೇವಿಕಾಳಿಗೆ ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಟೈಲರ್ ಅಂಗಡಿ. ಬ್ಲೌಸಿಗೆ ಅವಳು ತೋಳು ಕೂರಿಸಿದರೆ ಬಿಚ್ಚಿ ಮತ್ತೆ ಹೊಲಿಯುವ ಮಾತಿಲ್ಲ ಎಂದು ಹೆಸರು.

ಮುರಿದದ್ದು ಆ ಬಲಗೈಯೇ. ರಾಮಗಿರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಗಂಡನ ಬೈಕಿನಲ್ಲಿ ಬರುವಾಗ ರೈಲ್ವೆ ಗೇಟಿನ ಇಳಿಜಾರಿನಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿತು. ರವೀಂದ್ರನ ಮೊಣಕಾಲು ತರಚಿತು. ದೇವಿಕಾ ಕೈಯೂರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು, ಮೂಳೆ ಸರಿಯಾಗಿಯೇ ಕೂಡಿಕೊಂಡಿತು. ತೊಂದರೆ ಶುರುವಾದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಕೈ ಊದಿ ಕೆಂಪಗೆ ಹೊಳೆಯತೊಡಗಿತು. ಫ್ಯಾನಿನ ಗಾಳಿ ತಗುಲಿದರೆ ಮೆಣಸಿನಪುಡಿ ಎರಚಿದಷ್ಟು ಉರಿ. ಸೆರಗು ಸೋಕಿದರೆ ಕಣ್ಣಲ್ಲಿ ನೀರು. ಮುರಿದಾಗ ಅಯ್ಯೋ ಪಾಪ ಎಂದವರೇ ಈಗ, ‘ಮೂಳೆ ಕೂಡಿದ ಮ್ಯಾಲೆ ಇನ್ನೆಂಥ ನೋವು, ಕೆಲಸಗಳ್ಳಿ’ ಎಂದರು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು. ಅಂಗಡಿಯ ಬಾಗಿಲು ಮುಚ್ಚಿತು.

ಚಿತ್ರದುರ್ಗದಲ್ಲಿ ಡಾಕ್ಟರ್ ಮೀನಾಕ್ಷಿ ಎಂಬುವರು ಆ ಕೈಯನ್ನು ಮುಟ್ಟದೆಯೇ ಬಹಳ ಹೊತ್ತು ನೋಡಿದರು. ದೇವಿಕಾಳಿಗೆ ಮೊದಲು ಹಿಡಿಸಿದ್ದೇ ಅದು, ಮುಟ್ಟದೆ ನೋಡಿದ್ದು.

“ಮೂಳೆ ಕೂಡಿದೆ. ನರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ,” ಎಂದರು. “ಅವು ಮೊದಲ ದಿನದ ಹಾಗೇ ಕೂಗ್ತಾ ಇವೆ. ನಿಮ್ಮ ನೋವು ಸುಳ್ಳಲ್ಲ.”

ಬೆರಳು ಆಡಿಸದೆ ಬಿಟ್ಟರೆ ಕೈ ಹಾಗೇ ಬಿಗಿದುಕೊಂಡುಬಿಡುತ್ತದೆ. ಆಡಿಸೋಣವೆಂದರೆ ನೋವು ಬಿಡುವುದಿಲ್ಲ. ನೋವು ತುಸು ಹೊತ್ತು ಹಿಂದೆ ಸರಿದರೆ ಅಷ್ಟರಲ್ಲಿ ಬೆರಳಿಗೆ ಕೆಲಸ ಕೊಡಬಹುದು. ಅದಕ್ಕೆ ಔಷಧಿಯ ಜೊತೆಗೆ ಒಂದು ಅಭ್ಯಾಸವಿದೆ, ಕಲಿಯುತ್ತೀರಾ ಎಂದು ಡಾಕ್ಟರ್ ಕೇಳಿದರು. ಹೆಸರು ಸ್ವಸಂಮೋಹನ, ಎಂದರೆ ತನ್ನನ್ನು ತಾನೇ ಮಂಪರಿಗೆ ಇಳಿಸಿಕೊಳ್ಳುವುದು.

“ಮಂಕುಬೂದಿ ಎರಚ್ತೀರೇನ್ರಿ ಮೇಡಂ?”

“ಎರಚೋರೂ ನೀವೇ, ಬೀಳೋರೂ ನೀವೇ, ಎದ್ದು ಬರೋರೂ ನೀವೇ. ನಾನು ದಾರಿ ಹೇಳ್ತೀನಿ, ಅಷ್ಟೇ.”

ದಾರಿ ಸುಲಭವಾಗಿ ಸಿಗಲಿಲ್ಲ. ತಲೆ ಎತ್ತದೆ, ಕಣ್ಣನ್ನಷ್ಟೇ ಮೇಲೆತ್ತಿ ಗೋಡೆಯ ಒಂದು ಚುಕ್ಕೆಯನ್ನು ನೋಡಬೇಕು. ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ರೆಪ್ಪೆ ಭಾರವಾದಾಗ ಮುಚ್ಚಿಕೊಳ್ಳಲು ಬಿಡಬೇಕು. ಇಷ್ಟು ಬಂತು. ಆಮೇಲೆ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದೀರಿ ಎಂದುಕೊಳ್ಳಿ ಎಂದರು. ದೇವಿಕಾ ಸಮುದ್ರ ನೋಡಿರಲಿಲ್ಲ. ನೆನೆಸಿಕೊಳ್ಳಲು ಹೋದರೆ ಹಿರಿಯೂರಿನ ವಾಣಿವಿಲಾಸ ಸಾಗರ ಕಣ್ಣಿಗೆ ಬಂತು, ಅದರ ಹಿಂದೆಯೇ ಚಿಕ್ಕಂದಿನಲ್ಲಿ ಅಲ್ಲಿ ನೀರುಪಾಲಾದ ಹೊಸ ಚಪ್ಪಲಿ ಬಂತು. ಗಮನವೆಲ್ಲ ಚಪ್ಪಲಿಗೆ ಹೋಯಿತು. ಕೈ ಮೊದಲಿನಂತೆಯೇ ಉರಿಯಿತು.

“ಸಮುದ್ರ ಬಿಡಿ,” ಎಂದರು ಡಾಕ್ಟರ್. “ನಿಮ್ಮ ಕೈಗೆ ಗೊತ್ತಿರೋ ತಂಪು ಯಾವುದು? ಕೈಯನ್ನೇ ಕೇಳಿ ಹೇಳಿ.”

ದೇವಿಕಾ ಯೋಚಿಸುವ ಮೊದಲೇ ಬಾಯಿಂದ ಬಂತು: “ಗಂಜಿ.”

ಉಣ್ಣುವ ಗಂಜಿಯಲ್ಲ, ಹುಣಸೆಬೀಜದ್ದು. ಕಂಬಳಿ ನೇಯುವವರು ಹುಣಸೆಬೀಜವನ್ನು ಅರೆದು ಬೇಯಿಸಿ, ಆರಿಸಿ, ಮಗ್ಗಕ್ಕೆ ಉದ್ದುದ್ದ ಹಾಸಿದ ನೂಲಿಗೆ ಸವರುತ್ತಾರೆ. ಉಣ್ಣೆಯ ಎಳೆ ಗಟ್ಟಿಯಾಗುತ್ತದೆ. ತವರಿನಲ್ಲಿ ಬೆಳಗಿನ ಹೊತ್ತು ಅವ್ವನ ಜೊತೆ ನಿಂತು ಗಂಜಿ ಸವರುವುದು ಅವಳ ಪಾಲಿನ ಕೆಲಸವಾಗಿತ್ತು. ಎಳೆಯ ದಿಕ್ಕಿಗೇ ಸವರಬೇಕು, ಅಡ್ಡಡ್ಡ ಎಳೆದರೆ ನೂಲು ಗಂಟು. ಕೈಗೆ ಮೆತ್ತಿಕೊಂಡದ್ದು ಮೊದಲು ತಣ್ಣಗೆ, ಆಮೇಲೆ ಒಣಗುತ್ತ ಬಿಗಿ, ಕೊನೆಗೆ ಕೈಯೇ ತನ್ನದಲ್ಲವೇನೋ ಎಂಬಷ್ಟು ಜಡ.

ಅಲ್ಲಿಂದ ದಾರಿ ತೆರೆಯಿತು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕಿರುಬೆರಳ ತುದಿಯಿಂದ ಗಂಜಿ ಸವರುತ್ತ ಬರುವಳು. ಬೆರಳಾದ ಮೇಲೆ ಬೆರಳು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು. ಗಂಜಿ ಒಣಗಿದಂತೆ ಕೈ ಹಗುರಾಗಿ ತಾನಾಗಿ ತೊಡೆಯಿಂದ ಮೇಲೇಳುವುದು. ಎದ್ದು ಬರಬೇಕೆಂದಾಗ ಅದೇ ಕೈಯನ್ನು ಮನಸ್ಸಿನಲ್ಲೇ ಬಿಸಿನೀರಿನಲ್ಲಿ ತೊಳೆದು, ‘ಬಂದೆ’ ಎಂದು ಕಣ್ಣು ತೆರೆಯುವಳು. ನೋವು ಹೋಗಲಿಲ್ಲ. ನೋವಿಗೂ ಅವಳಿಗೂ ನಡುವೆ ಒಂದು ಕಂಬಳಿಯಷ್ಟು ದಪ್ಪದ ಅಂತರ ಬಂತು. ಆ ಅಂತರದಲ್ಲಿ ಬೆರಳು ಮಡಚಿದಳು, ಚಾಚಿದಳು, ಬಟಾಣಿ ಹೆಕ್ಕಿದಳು, ಆಮೇಲೆ ಗುಂಡಿ ಹೆಕ್ಕಿದಳು. ಬೇಕೆಂದಾಗ ಒಳಗೆ ಹೋಗುವುದು ಬರಬರುತ್ತ ಎಷ್ಟು ಕೈವಶವಾಯಿತೆಂದರೆ ಬಸ್ಸಿನ ಕಿಟಕಿಯ ಪಕ್ಕ ಕೂತು, ಟಿಕೆಟ್ ತೆಗೆದುಕೊಂಡು, ಹೊಸದುರ್ಗ ಬರುವಷ್ಟರಲ್ಲಿ ಹೋಗಿ ಬಂದಿರುತ್ತಿದ್ದಳು. ಅಂಗಡಿಯ ಬಾಗಿಲು ತೆರೆಯಿತು. ದಿನವೂ ಅಭ್ಯಾಸ ಮಾಡಬೇಕು, ಬಿಟ್ಟರೆ ಕೈ ಮತ್ತೆ ಬಿಗಿಯುತ್ತದೆ ಎಂದು ಡಾಕ್ಟರ್ ಎಚ್ಚರಿಸಿದ್ದರು.

ಮನೆಯಲ್ಲಿ ಇದನ್ನು ಅವಳು ಬಿಡಿಸಿ ಹೇಳಿರಲಿಲ್ಲ. ‘ಕೈಯಿಗೆ ಉಸಿರಿನ ವ್ಯಾಯಾಮ’ ಎಂದಷ್ಟೇ ಹೇಳಿದ್ದಳು. ಅದೇ ಎಡವಟ್ಟಾಯಿತು.

ಅವಳ ಮಾವ ಬದುಕಿರುವವರೆಗೆ ಬೀರೇದೇವರ ಪೂಜಾರಿಯಾಗಿದ್ದ. ಸೋಮವಾರ ಡೊಳ್ಳು ಬಿದ್ದರೆ ಅವನ ಮೈಮೇಲೆ ದೇವರು ಬಂದು ಹೇಳಿಕೆ ನುಡಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ದೇವರು ಯಾರ ಮೈಮೇಲೂ ಬಂದಿರಲಿಲ್ಲ. ಅತ್ತೆ ಕಾಳಕ್ಕ ಭಂಡಾರದ ಡಬ್ಬಿಯನ್ನು, ಎಂದರೆ ದೇವರ ಅರಿಸಿನದ ಡಬ್ಬಿಯನ್ನು, ಗಂಡನಿದ್ದಾಗ ಎಲ್ಲಿತ್ತೋ ಅಲ್ಲೇ ಇಟ್ಟು ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ದೇವಿಕಾ ಪಡಸಾಲೆಯ ಕಂಬಕ್ಕೆ ಒರಗಿ ಅಭ್ಯಾಸಕ್ಕೆ ಕೂತಿದ್ದಳು. ಕುರಿ ಕೂಡುವ ರೊಪ್ಪದಿಂದ ತಪ್ಪಿಸಿಕೊಂಡ ಮರಿಯೊಂದು ಒಳಗೆ ಬಂತು. ಅದನ್ನು ಹಿಡಿಯಲು ಬಂದ ಕಾಳಕ್ಕ ಬಾಗಿಲಲ್ಲೇ ನಿಂತಳು. ಸೊಸೆಯ ಕಣ್ಣು ಅರೆತೆರೆದು ಬಿಳಿ ಕಾಣುತ್ತಿದೆ. ತುಟಿ ಅಲ್ಲಾಡುತ್ತಿದೆ. ಸೆರಗು ಸೋಕಿದರೆ ಚೀರುತ್ತಿದ್ದ ಕೈಯ ಮೇಲೆ ಮರಿ ಗೊರಸಿಟ್ಟು ನಿಂತಿದೆ, ಸೊಸೆ ಮಿಸುಕುತ್ತಿಲ್ಲ. ಮರಿ ಇಳಿದುಹೋದ ಮೇಲೆ ಆ ಕೈ ಮೆಲ್ಲಗೆ, ಯಾರೋ ಹಿಡಿದೆತ್ತಿದಂತೆ, ಮೇಲೆದ್ದಿತು.

ದೇವಿಕಾಳಿಗೆ ಎಲ್ಲವೂ ಕೇಳಿಸುತ್ತಿತ್ತು. ಡಬ್ಬಿಯ ಮುಚ್ಚಳದ ಸದ್ದೂ ಕೇಳಿಸಿತು. ಅತ್ತೆ ಸಾರಿಗೆ ಅರಿಸಿನ ಹುಡುಕುತ್ತಿದ್ದಾಳೆ ಅಂದುಕೊಂಡಳು. ಕೈ ತೊಳೆದು ‘ಬಂದೆ’ ಎಂದು ಕಣ್ಣು ಬಿಟ್ಟರೆ, ಹಣೆ ಕೆನ್ನೆಯೆಲ್ಲ ಭಂಡಾರ, ಕಾಳಕ್ಕ ಅವಳ ಕಾಲಿಗೆ ಅಡ್ಡಬಿದ್ದಿದ್ದಾಳೆ.

“ಅತ್ತೆ! ಏಳ್ರಿ ಮ್ಯಾಕೆ. ಏನಾತ್ರಿ?”

“ಬಂದೆ ಅಂದ್ಯಲ್ಲಪ್ಪ ಸ್ವಾಮಿ,” ಎಂದು ಕಾಳಕ್ಕ ಅಳುತ್ತಿದ್ದಳು. “ಕಡೀಗೂ ನಮ್ಮನೀಗೇ ಬಂದ್ಯಲ್ಲ.”

ದೇವಿಕಾ ಆಗಲೇ ಎಲ್ಲವನ್ನೂ ಬಿಡಿಸಿ ಹೇಳಿದಳು: ಡಾಕ್ಟರು, ಗಂಜಿ, ಬಿಸಿನೀರು. ಕಾಳಕ್ಕ ತಲೆಯಾಡಿಸುತ್ತ ಕೇಳಿದಳು, ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಂಜೆಯೊಳಗೆ ಹಟ್ಟಿಗೆಲ್ಲ ಸುದ್ದಿ. ಮರುದಿನ ಬೆಳಿಗ್ಗೆ ದೇವಿಕಾ ಅಂಗಡಿಗೆ ಹೊರಟರೆ ಬಾಗಿಲಲ್ಲಿ ಜನ.

“ನಮ್ಮ ಟಗರು ಮೂರು ದಿನಾತು ಕಾಣ್ತಿಲ್ಲವ್ವ. ಯಾವ ದಿಕ್ಕಿಗೆ ಹೋಗೈತೆ, ನೋಡಿ ಹೇಳು.”

“ಅಣ್ಣ, ಬೆಳಿಗ್ಗೆಯಿಂದ ನನ್ನ ಬಾಬಿನ್ನೇ ನಂಗೆ ಸಿಕ್ಕಿಲ್ಲ. ನಿನ್ನ ಟಗರು ಎಲ್ಲಿ ಹುಡುಕ್ಲಿ? ದಾರಿ ಬಿಡು, ಬಸ್ಸು ಬತ್ತೈತೆ.”

ಅವರು ದಾರಿ ಬಿಟ್ಟರು, ಆದರೆ ಎರಡೂ ಕೈ ಜೋಡಿಸಿ ಬಿಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮಾವನ ಅಣ್ಣ ಬೀರಪ್ಪ ಗುಡಿಯ ಯಜಮಾನ. ಕೆಟ್ಟವನಲ್ಲ, ಹಟ್ಟಿಯ ವ್ಯಾಜ್ಯ ಬಗೆಹರಿಸಲು ದೇವರ ಮಾತು ಸಿಗದೆ ಸೋತುಹೋಗಿದ್ದ. ಅವನು ಮನೆಗೆ ಬಂದು ಕಂಬಳಿಯ ಮೇಲೆ ಕೂತು ಕಟ್ಟಳೆಗಳನ್ನು ಹೇಳಿದ.

“ನೋಡವ್ವ, ಹೆಣ್ಣಿನ ಮ್ಯಾಲೆ ಬಂದಿದ್ದು ಇದೇ ಮೊದ್ಲು. ಆದ್ರೂ ಬಂದೈತಲ್ಲ, ನಾವು ಬ್ಯಾಡ ಅನ್ನಾಕೆ ಯಾರು? ಇನ್ಮ್ಯಾಲೆ ಕಂಡೋರ ಮೈ ಅಳತೆ ತಗಳ್ಳಂಗಿಲ್ಲ. ಕಂಡೋರು ಉಟ್ಟ ಬಟ್ಟೆ ಮುಟ್ಟಂಗಿಲ್ಲ. ಮನೆ ಮೂಲೆಯಾಗ, ಬಸ್ಸಿನಾಗ ಹಂಗೆಲ್ಲ ದೇವರ್ನ ಕರಿಯಂಗಿಲ್ಲ. ಸೋಮವಾರ, ಗುಡಿ ಮುಂದೆ, ಡೊಳ್ಳು ಬಿದ್ದಾಗ ಅಷ್ಟೇ.”

“ದೊಡ್ಡಮಾವ, ಅಂಗಡಿ ಮುಚ್ಚು ಅಂತೀರಿ. ಸರಿ, ಅದು ಹೊಟ್ಟೆಪಾಡಿನ ಮಾತಾತು. ಅಭ್ಯಾಸ ಬಿಡು ಅಂತೀರಲ್ಲ, ಬಿಟ್ರೆ ಈ ಕೈ ಸೆಟೆದು ಕೊರಡಾಗ್ತೈತೆ. ಹುಟ್ಟಿದ್ದು ನನ್ನ ಕೈ, ಮುರಿದಿದ್ದು ನನ್ನ ಕೈ. ಕಲ್ತಿದ್ದು ನಾನು. ಇದರಾಗೆ ದೇವರ್ನ ಯಾಕೆ ತರ್ತೀರಿ?”

“ಬಂದೋರಿಗೆ ಬಂದಿದ್ದು ನೆನಪಿರಲ್ಲವ್ವ.”

“ನಂಗೆ ಎಲ್ಲಾ ನೆನಪೈತೆ. ಮರಿ ಎಷ್ಟೊತ್ತು ತುಳಿದು ನಿಂತಿತ್ತು ಅನ್ನದೂ ನೆನಪೈತೆ.”

ಬೀರಪ್ಪ ನಕ್ಕ. “ಸೋಮವಾರ ಡೊಳ್ಳು ಹೊಡಿಸ್ತೀನಿ. ಬಂದ್ರೆ ದೇವರು. ಬರದಿದ್ರೆ ನೀನು ಮುಚ್ಚಿಡ್ತಿದ್ದೀಯ ಅಂತ ಅರ್ಥ.”

ಎರಡೂ ಕಡೆ ಬಾಗಿಲು ಹಾಕಿದ ಲೆಕ್ಕ. ಆ ರಾತ್ರಿ ಊಟಕ್ಕೆ ಕೂತಾಗ ರವೀಂದ್ರ ತಗ್ಗಿದ ದನಿಯಲ್ಲಿ ಒಂದು ಉಪಾಯ ಹೇಳಿದ.

“ಸುಮ್ನೆ ಕಣ್ಮುಚ್ಚಿ, ಈ ಹೆಣ್ಣಿನ ಅಂಗಡಿ ತಂಟೆಗೆ ಹೋಗ್ಬ್ಯಾಡ್ರಿ, ಇನ್ನು ನಾನು ಬರಲ್ಲ ಅಂತ ದೇವರ ದನಿಯಾಗ ಅಂದ್ಬಿಡು. ಒಂದೇ ಮಾತು. ಯಾವನೂ ತುಟಿ ಪಿಟಕ್ ಅನ್ನಲ್ಲ.”

ದೇವಿಕಾ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. ಉಪಾಯ ಚೆನ್ನಾಗಿತ್ತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

“ಆಗ ಅಂಗಡಿ ಉಳಿಸಿದ್ದು ದೇವರಾಗ್ತೈತೆ, ನಾನಲ್ಲ. ನಾಳೆ ಇನ್ಯಾರ ಮೈಮ್ಯಾಲೋ ಬಂದು ಮುಚ್ಚು ಅಂದ್ರೆ? ಒಂದ್ಸಲ ನನ್ನ ಬಾಯಿ ಬಾಡಿಗೆಗೆ ಕೊಟ್ಟೆ ಅಂದ್ರೆ ವಾಪಸ್ ಇಸ್ಕಳ್ಳಾಕೆ ಆಗಲ್ಲ. ನಾನು ನಾನಾಗೇ ಹೇಳ್ತೀನಿ.”

“ಡೊಳ್ಳು ಹೊಡಿಯೋನು ನಾನು. ಮೆತ್ತಗೆ ಹೊಡೀತೀನಿ ಬಿಡು.”

“ಬ್ಯಾಡ! ಕೈಲಾದಷ್ಟು ಜೋರಾಗಿ ಹೊಡಿ. ಆಮ್ಯಾಲೆ ಡೊಳ್ಳು ಸರಿಯಾಗಿ ಬೀಳ್ಲಿಲ್ಲ, ಅದ್ಕೇ ದೇವರು ಬರ್ಲಿಲ್ಲ ಅಂತ ಇನ್ನೊಂದು ಸೋಮವಾರ ಕರ್ದಾರು.”

ಸೋಮವಾರ ಗುಡಿಯ ಮುಂದಿನ ಬಯಲು ತುಂಬಿತ್ತು. ಕಾಳಕ್ಕ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು. ದೇವಿಕಾ ಅಂಗಡಿಗೆ ಹೋಗುವ ಸೀರೆಯಲ್ಲೇ, ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು.

“ಅದನ್ನ ತೆಗಿಯವ್ವ,” ಎಂದ ಬೀರಪ್ಪ.

“ಇರ್ಲಿ ಬಿಡ್ರಿ. ಇಲ್ಲಿ ಮುಗಿದ ಮ್ಯಾಲೆ ಅಂಗಡಿಗೆ ಹೋಗೋದೈತೆ.” ಅವಳು ಕಂಬಳಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು: “ಮೊದ್ಲು ಡೊಳ್ಳು ಬ್ಯಾಡ. ನಾನಾಗೇ ಒಳಗೆ ಹೋಗ್ತೀನಿ. ಹೋದೆ ಅನ್ನಾಕೆ ಗುರುತು, ಕೈ ಮ್ಯಾಕೆ ಬತ್ತೈತೆ. ಆಮ್ಯಾಲೆ ಡೊಳ್ಳು ಹೊಡೀರಿ, ಏನು ಬೇಕೋ ಕೇಳ್ರಿ. ನಂಗೆ ಬೇಕಾದಾಗ ಎದ್ದು ಬತ್ತೀನಿ. ಕರ್ದಾಗ ಬಂದು, ಹೋಗು ಅಂದಾಗ ಹೋಗೋದು ದೇವರಾದ್ರೆ, ಅಂಥ ದೇವರ್ನ ನೀವೇ ಇಟ್ಕಳ್ರಿ.”

ಜನರ ನಡುವೆ ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬ, “ಬಾಯಿ ನೋಡಪ್ಪ ಇದರದ್ದು!” ಎಂದ. ಬೀರಪ್ಪ ಕರ್ಪೂರ ತೆಗೆದ. ದೇವರು ಬಂದವರ ಅಂಗೈಯಲ್ಲಿ ಕರ್ಪೂರ ಹೊತ್ತಿಸಿ ನೋಡುವುದು ಗುಡಿಯ ಪದ್ಧತಿ.

“ಕರ್ಪೂರ ಇಡಬ್ಯಾಡ್ರಿ ದೊಡ್ಡಮಾವ. ನೋವು ಗೊತ್ತಾಗದಿದ್ರೂ ಚರ್ಮ ಸುಡೋದು ಸುಡ್ತೈತೆ. ನಾಳೆ ಒಬ್ರಿಗೆ ಬ್ಲೌಸ್ ಕೊಡಬೇಕು.”

ಯಾರೋ ಹೆಂಗಸರು ಕಿಸಕ್ಕೆಂದರು. ಬೀರಪ್ಪ ಕರ್ಪೂರವನ್ನು ಮಡಿಲಿಗೆ ಹಾಕಿಕೊಂಡ.

ದೇವಿಕಾ ಗುಡಿಯ ಕಳಸದ ತುದಿಗೆ ಕಣ್ಣು ನೆಟ್ಟಳು. ಉಸಿರು ಬಿಟ್ಟಳು. ರೆಪ್ಪೆ ಇಳಿಯಿತು. ಕಿರುಬೆರಳಿನಿಂದ ಗಂಜಿ ಶುರುವಾಯಿತು. ಕೈ ತೊಡೆಯಿಂದ ಎದ್ದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಕಾಳಕ್ಕ ಕೈಮುಗಿದಳು.

“ಹೊಡಿಯೋ,” ಎಂದ ಬೀರಪ್ಪ.

ರವೀಂದ್ರ ಕೊಟ್ಟ ಮಾತಿನಂತೆ ಹೊಡೆದ. ದೇವಿಕಾ ಎಲ್ಲಕ್ಕೂ ಸಿದ್ಧಳಾಗಿ ಬಂದಿದ್ದಳು, ಇದೊಂದಕ್ಕೆ ಆಗಿರಲಿಲ್ಲ. ಡೊಳ್ಳಿನ ಸದ್ದು ಕಿವಿಯಿಂದ ಬರಲಿಲ್ಲ, ಕೂತ ನೆಲದಿಂದ ಬೆನ್ನಿಗೆ ಏರಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಈ ಸದ್ದಿಗೆ ಮೈ ಹೇಗೆ ಕುಣಿಯಬೇಕು, ತಲೆ ಹೇಗೆ ತೂಗಬೇಕು, ದನಿ ಹೇಗೆ ಒಡೆಯಬೇಕು ಎಲ್ಲವೂ ಅವಳ ಮೈಗೆ ಗೊತ್ತಿತ್ತು, ಯಾರೂ ಕಲಿಸಿರಲಿಲ್ಲ. ಭುಜ ನಡುಗಿತು. ಗಂಟಲಿನಲ್ಲಿ ಏನೋ ತುಂಬಿಕೊಂಡು ಹೊರಗೆ ಬರಲು ಒದ್ದಾಡಿತು. ತಾನು ಕಷ್ಟಪಟ್ಟು ಕಂಡುಕೊಂಡ ಕಿಂಡಿಯ ಪಕ್ಕದಲ್ಲೇ ಒಂದು ಹೆಬ್ಬಾಗಿಲು ಮೊದಲಿನಿಂದಲೂ ಇತ್ತು ಎಂದು ಅವಳಿಗೆ ಆಗ ಗೊತ್ತಾಯಿತು. ಅದರೊಳಗೆ ಕಾಲಿಟ್ಟರೆ ಹಗುರ. ಅಲ್ಲಿ ನೋವಿಲ್ಲ, ಜವಾಬ್ದಾರಿಯಿಲ್ಲ, ಆಡಿದ ಮಾತಿಗೆ ತಾನು ಉತ್ತರ ಕೊಡಬೇಕಾಗಿಯೂ ಇಲ್ಲ.

ಅವಳು ಗಂಜಿಗೆ ಮರಳಿದಳು. ಮತ್ತೆ ಕಿರುಬೆರಳು. ಎಳೆಯ ದಿಕ್ಕಿಗೆ. ಉಂಗುರದ ಬೆರಳು. ಎಳೆಯ ದಿಕ್ಕಿಗೆ. ಡೊಳ್ಳಿನ ಹೊಡೆತ ಅಡ್ಡಡ್ಡ ಎಳೆಯುತ್ತಿತ್ತು, ಇವಳು ನೇರ ಸವರುತ್ತಿದ್ದಳು. ಭುಜದ ನಡುಕ ನಿಂತಿತು. ಡೊಳ್ಳು ನಿಲ್ಲಲಿಲ್ಲ.

ಬೀರಪ್ಪ ಎದ್ದು ನಿಂತು, ತಲೆಮಾರಿನಿಂದ ಕೇಳುತ್ತ ಬಂದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ. ದೇವರು ಬಂದಾಗ ಮೊದಲು ಕೇಳುವುದೇ ಅದು, ಅದಕ್ಕೆ ದೇವರು ತನ್ನ ಹೆಸರು ಹೇಳಬೇಕು.

“ಬಂದೋರು ಯಾರು?”

ಕಣ್ಣು ಮುಚ್ಚಿಯೇ ಇತ್ತು. ಕೈ ಎದೆಯ ಮುಂದೆ ತೇಲುತ್ತಲೇ ಇತ್ತು. ದನಿ ದಿನದ ದನಿಯೇ, ಸ್ವಲ್ಪ ನಿಧಾನ.

“ದೇವಿಕಾ.”

ಡೊಳ್ಳು ತಾನಾಗಿ ನಿಂತಿತು.

“ಸರಿಯಾಗಿ ಹೇಳು. ಬಂದೋರು ಯಾರು?”

“ಯಾರೂ ಬಂದಿಲ್ಲ ದೊಡ್ಡಮಾವ. ಇದ್ದೋಳೇ ಇದೀನಿ. ದೇವಿಕಾ. ರವೀಂದ್ರನ ಹೆಂಡ್ತಿ, ಟೈಲರ್.” ಒಂದು ಉಸಿರು ಬಿಟ್ಟು ಮುಂದುವರಿಸಿದಳು. “ಮಾವನ ಮ್ಯಾಲೆ ಬಂದಿದ್ದು ದೇವರೇ ಇರಬೌದು. ಅವರೊಳಗೆ ನಾನಿರಲಿಲ್ಲ, ನಂಗೆ ಗೊತ್ತಿಲ್ಲ. ನನ್ನೊಳಗೆ ನಾನಿದೀನಿ. ಇಲ್ಲಿ ಬ್ಯಾರೆ ಯಾರೂ ಇಲ್ಲ. ಅಂಗಡಿ ಮುಚ್ಚಲ್ಲ. ಅಭ್ಯಾಸ ಬಿಡಲ್ಲ. ಮನೆಯಾಗ ಮಾಡ್ತೀನಿ, ಬಸ್ಸಿನಾಗ ಮಾಡ್ತೀನಿ. ಇನ್ನೇನಾದ್ರೂ ಕೇಳಾದಿದ್ರೆ ಕೇಳ್ರಿ, ಬಸ್ಸಿನ ಹೊತ್ತಾಗ್ತೈತೆ.”

ಅವಳು ಮನಸ್ಸಿನಲ್ಲೇ ಕೈ ತೊಳೆದುಕೊಂಡು ಕಣ್ಣು ತೆರೆದಳು. ಸಾಮಾನ್ಯವಾಗಿ ಹೇಳುವ ‘ಬಂದೆ’ ಎಂಬ ಮಾತನ್ನು ಅವತ್ತು ಬೇಕೆಂದೇ ಹೇಳಲಿಲ್ಲ. ಎದ್ದು ಸೀರೆಯ ದೂಳು ಕೊಡವಿದಳು. ಬೀರಪ್ಪ ಅಂದ ಒಂದು ಮಾತು ಬೆನ್ನ ಹಿಂದೆ ಕೇಳಿಸಿತು: “ದೇವರು ಬಂದಿತ್ತು ಕಣ್ರಲೇ. ಇವಳ ಬಾಯಿಗೆ ಅಂಜಿ ಹೊರಟೋತು.” ಜನ ನಕ್ಕರು. ನಗಲಿ ಎಂದು ದೇವಿಕಾ ನಡೆದಳು, ಬಸ್ಸು ಸಿಕ್ಕಿತು.

ನಗಲಾರದವಳು ಕಾಳಕ್ಕ ಒಬ್ಬಳೇ. ಅವತ್ತು ಸಂಜೆ ಸೊಸೆ ಮನೆಗೆ ಬಂದಾಗ ಹೊಸ ಸೀರೆ ಬದಲಿಸದೆ ಕಂಬದ ಹತ್ತಿರ ಕೂತಿದ್ದಳು.

“ನಿಮ್ಮ ಮಾವನ ದನಿ ಕೇಳಿ ಎಷ್ಟು ವರ್ಷಾತು ಗೊತ್ತೇನೆ ನಿಂಗೆ?” ಎಂದಳು. “ದೇವರು ಮಾತಾಡಿದ್ರೂ ಅವರ ದನಿಯಾಗೇ ಮಾತಾಡ್ತಿತ್ತು. ಒಂದ್ಸಲ, ಒಂದೇ ಒಂದು ಸಲ ಹೂಂ ಅಂದಿದ್ರೆ ನಿಂದೇನು ಹೋಗ್ತಿತ್ತು?”

ದೇವಿಕಾಳಿಗೆ ಈಗ ಅರ್ಥವಾಯಿತು, ಅತ್ತೆ ಕಾಯುತ್ತಿದ್ದದ್ದು ಯಾರನ್ನು ಎಂದು. ಅವಳು ಪಕ್ಕದಲ್ಲಿ ಕೂತಳು.

“ಅವರ ದನಿ ನನ್ನ ಗಂಟಲಾಗ ಇಲ್ಲ ಅತ್ತೆ. ಇದ್ದಿದ್ರೆ ಕೊಡ್ತಿದ್ದೆ. ಇಲ್ಲದ್ದನ್ನ ಐತೆ ಅಂತ ಆಡಿದ್ರೆ ನಿಮಗೆ ಸಿಗ್ತಿದ್ದಿದ್ದು ಅವರಲ್ಲ, ನನ್ನ ಅಣಕು.”

ಕಾಳಕ್ಕ ಮುಖ ತಿರುಗಿಸಿದಳು. ಹಲವು ದಿನ ಮಾತು ಬಿಟ್ಟಳು. ಮುದ್ದೆಯ ತಟ್ಟೆಯನ್ನು ಮಾತ್ರ ಮೊದಲಿನಂತೆ ಸೊಸೆಯ ಎಡಗೈಯ ಕಡೆಗೇ ಇಡುತ್ತಿದ್ದಳು, ಬಲಗೈ ಚಾಚಬೇಕಾಗದಿರಲೆಂದು.

ದೇವಿಕಾ ಆಮೇಲೂ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಪಡಸಾಲೆಯಲ್ಲೇ, ನೋಡುವವರು ನೋಡಲಿ ಎಂದು, ಬಾಗಿಲು ತೆರೆದೇ ಕೂರುತ್ತಿದ್ದಳು. ಕೆಲವರು ಹಾದುಹೋಗುವಾಗ ಇಣುಕಿ ಕೈಮುಗಿಯುವುದು ನಿಂತಿರಲಿಲ್ಲ. ಹಾಗೆ ಒಂದು ದಿನ ಬೆಳಿಗ್ಗೆ, ಗಂಜಿ ಅಂಗೈಗೆ ಬಂದಿದ್ದಾಗ, ಹೊಸಿಲಲ್ಲಿ ಕಾಲಿನ ಸದ್ದು ಕೇಳಿಸಿತು. ಮೇಲಿನ ಮನೆಯ ಹೆಂಗಸು.

“ಕಾಳಕ್ಕ, ದೇವರು ಬಂದೈತೇನೆ? ಕಾಯಿ ತಂದೀನಿ, ಒಂದು ಮಾತು ಕೇಳಬೇಕಿತ್ತು.”

ಕಾಳಕ್ಕ ಹೊಸಿಲಿಗೆ ಅಡ್ಡ ನಿಂತದ್ದು, ಬಾಗಿಲಿನ ಬೆಳಕು ಮರೆಯಾದದ್ದರಿಂದ ದೇವಿಕಾಳಿಗೆ ಮುಚ್ಚಿದ ರೆಪ್ಪೆಯೊಳಗೇ ತಿಳಿಯಿತು.

“ದೇವರೂ ಇಲ್ಲ ದಿಂಡರೂ ಇಲ್ಲ, ಹೋಗೆ! ನನ್ನ ಸೊಸೆ ಅದಾಳೆ ಒಳಗೆ. ಕೈಯಿಗೆ ಮದ್ದು ಮಾಡ್ಕಳ್ತಾ ಅದಾಳೆ. ಎದ್ದ ಮ್ಯಾಲೆ ಬಾ, ಕೇಳಾದೇನಿದ್ರೂ ಅವಳನ್ನೇ ಕೇಳು.”

ಹೆಂಗಸು ಏನೋ ಗೊಣಗಿ ಹೋದಳು. ದೇವಿಕಾ ಕಣ್ಣು ತೆರೆಯಲಿಲ್ಲ. ಮಣಿಕಟ್ಟು ಇನ್ನೂ ಬಾಕಿಯಿತ್ತು.